ಮನೆಯ ಸ್ಟುಡಿಯೋ: ರಾಗಕ್ಕೂ ಬೇಕು ಕರಾರುಪತ್ರ

ಹಿಂದೆ ಧ್ವನಿಮುದ್ರಣಕ್ಕೆ ದೊಡ್ಡ ಸ್ಟುಡಿಯೋವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬೇಕಾಗಿತ್ತು. ಇಂದು ಕಂಪ್ಯೂಟರ್, ಆಡಿಯೋ ಇಂಟರ್‌ಫೇಸ್, ಮೈಕ್ ಹಾಗೂ ಹೆಡ್‌ಫೋನ್ ಇದ್ದರೆ ಮನೆಯ ಕೋಣೆಯಲ್ಲೇ ಜಾಹೀರಾತು ಗೀತೆ ಸಿದ್ಧವಾಗುತ್ತದೆ. ಅಮೆರಿಕದ ಗಾಯಕಿ ಬಿಲ್ಲಿ ಐಲಿಷ್ ಅವರ 2019ರ ಆಲ್ಬಂ ಬಹುಪಾಲು ಮಲಗುವ ಕೋಣೆಯಲ್ಲೇ ರೂಪುಗೊಂಡು, 2020ರಲ್ಲಿ ಗ್ರ್ಯಾಮಿ ಪ್ರಶಸ್ತಿ ಗಳಿಸಿತು.

ಬಂಡವಾಳ ತಗ್ಗಿದೆ, ವಸೂಲಿಯ ಕಷ್ಟ ತಗ್ಗಿಲ್ಲ. ‘ಸ್ವಲ್ಪ ಬದಲಾಯಿಸಿ’ ಎಂಬ ಮಾತು ಹತ್ತು ಬಾರಿ ಬಂದರೂ ಬಿಲ್ಲು ಒಂದೇ. ಬಾಯಿಮಾತಿನ ವ್ಯವಹಾರವೇ ಇದಕ್ಕೆ ಮೂಲ. ಆದ್ದರಿಂದ ಮುಂಗಡ, ತಿದ್ದುಪಡಿಗಳ ಸಂಖ್ಯೆ, ಹಕ್ಕಿನ ಅವಧಿ ಇವುಗಳನ್ನು ಮೊದಲೇ ಕರಾರಿನಲ್ಲಿ ನಮೂದಿಸತಕ್ಕದ್ದು.

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಡನೆ ಇರಬೇಕು. ಅವಧಿ ಕಾಣಿಸದಿದ್ದರೆ ಅದು 5 ವರ್ಷಕ್ಕೆ ಸೀಮಿತ. ಗೀತೆ ಮಾಡಿಸುವ ವರ್ತಕರಿಗೂ ಇದು ಎಚ್ಚರಿಕೆ.

ಉದ್ಯಮ್ ನೋಂದಣಿ ಪಡೆದ ಸಂಗೀತಗಾರನೂ ಕಿರು ಉದ್ಯಮಿಯೇ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯಂತೆ, ಕರಾರು ಏನೇ ಇದ್ದರೂ ಕೆಲಸ ಸ್ವೀಕರಿಸಿದ ಮೇಲೆ ಪಾವತಿಯ ಗಡುವು 45 ದಿನ ಮೀರುವಂತಿಲ್ಲ, ಮೀರಿದರೆ ಚಕ್ರಬಡ್ಡಿ. ನಮ್ಮ ಬಾಕಿಗಾಗಿ ನಾವು ಕೇಳುವ ನ್ಯಾಯವನ್ನು ನಮಗಾಗಿ ರಾಗ ಹೊಸೆದವರಿಗೂ ಸಲ್ಲಿಸೋಣ.