ಚೀಟಿಯಲ್ಲಿ ಕಿಲೋ ಬರೆಸಿಕೊಳ್ಳಿರಿ



ಮಾಲು ಕೊಟ್ಟು ಬಂದ ಸದಸ್ಯರು ತೋರಿಸುವ ಕಚ್ಚಾ ಚೀಟಿಗಳಲ್ಲಿ ಈಗಲೂ ಒಮ್ಮೊಮ್ಮೆ ‘ಇಷ್ಟು ಮಣ’, ‘ಇಷ್ಟು ಚೀಲ’ ಎಂದಷ್ಟೇ ಬರೆದಿರುತ್ತದೆ. ರೊಕ್ಕದ ತಕರಾರು ಬಂದಾಗ ಅಂಥ ಚೀಟಿ ಕೈಹಿಡಿಯುವುದಿಲ್ಲ. ಮಣ ಎಂದರೆ ಎಷ್ಟು ಎಂಬುದೇ ಎಲ್ಲ ಕಡೆಗೂ ಒಂದೇ ಆಗಿರಲಿಲ್ಲ.

ಹಿಂದಿನ ಸಂಗತಿ ನೋಡಿರಿ. ಗದಗ-ಬೆಟಗೇರಿ, ಮುಂಡರಗಿ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು. ತುಂಗಭದ್ರೆ ದಾಟಿ ಹೂವಿನಹಡಗಲಿಗೆ ಹೋದರೆ 1953ರವರೆಗೆ ಅದು ಮದ್ರಾಸ್! ಮುಂಬಯಿ ಮಣ 28 ಪೌಂಡು, ಅಂದರೆ 12.7 ಕಿಲೋ. ಮದ್ರಾಸ್ ಮಣ 25 ಪೌಂಡು, 11.3 ಕಿಲೋ. ಬಂಗಾಳದ ಮಣವಂತೂ 37.3 ಕಿಲೋ. ಹತ್ತು ಮಣ ಅಡಿಕೆಗೆ ಮೊದಲೆರಡರ ನಡುವೆಯೇ 13 ಕಿಲೋಗೂ ಹೆಚ್ಚು ಅಂತರ. ಅದು ಯಾರ ಪಾಲಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಈ ಗೊಂದಲ ಹೋಗಲೆಂದೇ 1956ರಲ್ಲಿ ದಶಮಾನ ತೂಕ-ಅಳತೆಯ ಕಾಯಿದೆ ಬಂದಿತು. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ. ಅದರ 11ನೆಯ ಕಲಮಿನ ಪ್ರಕಾರ ದರ ಹೇಳುವಾಗ, ಬಿಲ್ಲು ಬರೆಯುವಾಗ ಪ್ರಮಾಣಿತ ಮಾನವನ್ನೇ ಬಳಸಬೇಕು. ಬಾಯಿಮಾತಿನ ದರಕ್ಕೂ ಇದು ಅನ್ವಯ. 12ನೆಯ ಕಲಮು ನಮಗೆ ಇನ್ನೂ ಮುಖ್ಯ: ಒಪ್ಪಿದ ತೂಕಕ್ಕಿಂತ ಹೆಚ್ಚು ಮಾಲು ಕೇಳುವ ಯಾವ ರೂಢಿಯೂ ಅಸಿಂಧು. ‘ಇಲ್ಲಿಯ ವಾಡಿಕೆ ಹೀಗೇ’ ಎಂಬ ಉತ್ತರಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಆದುದರಿಂದ ಕಿಲೋದಲ್ಲಿ ಬರೆದುಕೊಡಿರೆಂದು ಕೇಳುವುದು ನಿಮ್ಮ ಹಕ್ಕು. ಯಾರೂ ಉಪಕಾರ ಮಾಡಿದಂತಲ್ಲ.

‘ಚೀಲ’ವೂ ತೂಕವಲ್ಲ. ನಮ್ಮಲ್ಲಿ ಕಾಫಿಯ ದರ 50 ಕಿಲೋ ಚೀಲಕ್ಕೆ; ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಲೆಕ್ಕದ ಚೀಲ 60 ಕಿಲೋ. ಅಡಿಕೆಯ ದರ ಕ್ವಿಂಟಲಿಗೆ, ಎಂದರೆ 100 ಕಿಲೋಗೆ. ಒಟ್ಟು ತೂಕ, ಖಾಲಿ ಚೀಲದ ತೂಕ, ನಿವ್ವಳ ತೂಕ, ಮೂರನ್ನೂ ಬೇರೆಬೇರೆ ಬರೆಸಿರಿ.

ಜಮೀನಿನ ಮಾತು ಬೇರೆ. ಪಹಣಿಯಲ್ಲಿ ಇಂದಿಗೂ ಎಕರೆ-ಗುಂಟೆಯೇ ಇದೆ. ಗೊಬ್ಬರದ ಶಿಫಾರಸು ಮಾತ್ರ ಅನೇಕ ಸಲ ಹೆಕ್ಟೇರಿಗೆ ಇರುತ್ತದೆ. ಒಂದು ಹೆಕ್ಟೇರು ಸುಮಾರು ಎರಡೂವರೆ ಎಕರೆ. 2.7 ಮೀಟರು ಅಂತರದಲ್ಲಿ ಹೆಕ್ಟೇರಿಗೆ ಸುಮಾರು 1370 ಅಡಿಕೆ ಗಿಡ ಹಿಡಿದರೆ ಎಕರೆಗೆ ಹಿಡಿಯುವುದು 555 ಮಾತ್ರ. ಹೆಕ್ಟೇರಿನ ಗೊಬ್ಬರವನ್ನು ಎಕರೆಗೆ ಸುರಿದವರ ಖರ್ಚನ್ನು ನೀವೇ ಲೆಕ್ಕ ಹಾಕಿರಿ.

ತಕ್ಕಡಿಯ ಮೇಲೆ ಇಲಾಖೆಯ ಮುದ್ರೆ ಇದೆಯೋ ಇಲ್ಲವೋ ಎಂಬುದನ್ನು ತೂಕಕ್ಕೆ ಮೊದಲೇ ನೋಡಿರಿ. ಇರದಿದ್ದರೆ, ಅಥವಾ ಚೀಟಿಯಲ್ಲಿ ಕಿಲೋ ಬರೆಯಲು ಒಲ್ಲೆನೆಂದರೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರಿಗೆ ಲಿಖಿತ ದೂರು ಕೊಡಬಹುದು. ಚೀಟಿಯ ನಕಲನ್ನು ಜೊತೆಗಿಡಿರಿ; ಮೂಲ ನಿಮ್ಮಲ್ಲೇ ಇರಲಿ.