ಇಂಗ್ಲಿಷ್ ಕಲಿಯುವ ಮಕ್ಕಳ ಕೈಗೆ ಕತೆಪುಸ್ತಕ ಕೊಡೋಣ

ನಮ್ಮ ಕಾಸರಗೋಡನ್ನು ಸಪ್ತಭಾಷೆಗಳ ಸಂಗಮಭೂಮಿ ಎನ್ನುತ್ತಾರೆ. ಇಲ್ಲಿನ ಕನ್ನಡ ಶಾಲೆಗೆ ಬರುವ ಮಗು ಮನೆಯಲ್ಲಿ ಕೊಂಕಣಿಯನ್ನೋ ತುಳುವನ್ನೋ ಆಡುತ್ತದೆ, ತರಗತಿಯಲ್ಲಿ ಕನ್ನಡ ಓದುತ್ತದೆ, ಪೇಟೆಯಲ್ಲಿ ಮಲಯಾಳ ಕೇಳುತ್ತದೆ. ಭಾಷೆ ಕಲಿಯುವ ಶಕ್ತಿ ಈ ಮಕ್ಕಳಿಗೆ ಇಲ್ಲ ಎಂದು ಯಾರೂ ಹೇಳಲಾರರು. ಆದರೆ ಇಂಗ್ಲಿಷ್ ಎಂದೊಡನೆ ಇದೇ ಮಕ್ಕಳು ಬಾಯಿ ಬಿಡುವುದಿಲ್ಲ. ಕಾರಣವೇನು?

ಉಳಿದ ಭಾಷೆಗಳನ್ನು ಅವರು ಜಗಳವಾಡಿ, ಆಟವಾಡಿ, ಕತೆ ಕೇಳಿ ಕಲಿತಿದ್ದಾರೆ. ಇಂಗ್ಲಿಷ್ ಮಾತ್ರ ಒಂದು ಪಠ್ಯಪುಸ್ತಕ ಮತ್ತು ಬಾಯಿಪಾಠದ ಪ್ರಶ್ನೋತ್ತರಗಳ ಮೂಲಕ ಬರುತ್ತದೆ. ಹಸುವಿನ ಮೇಲೆ ಹತ್ತು ವಾಕ್ಯ ತಪ್ಪಿಲ್ಲದೆ ಬರೆಯುವ ಮಗುವಿಗೆ ಹೊಸದೊಂದು ಪುಟ ಓದಲು ಬರುವುದಿಲ್ಲ. 2016ರ 'ಅಸರ್' ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಭಾಗದ 5ನೇ ತರಗತಿಯ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ. 24.5 ಮಾತ್ರ. ಈ ಭಯದಿಂದಲೇ ಕೂಲಿ ಮಾಡುವ ತಂದೆತಾಯಿ ಸಾಲ ಮಾಡಿ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತಾರೆ. ಕನ್ನಡ ಶಾಲೆಯ ಬೆಂಚುಗಳು ಖಾಲಿಯಾಗುತ್ತವೆ.

ಫಿಜಿ ಕಲಿಸಿದ ಪಾಠ

ಶಾಂತ ಸಾಗರದ ಫಿಜಿ ದ್ವೀಪಗಳಲ್ಲೂ ಮಕ್ಕಳ ಮನೆಮಾತು ಒಂದು, ಶಾಲೆಯ ಇಂಗ್ಲಿಷ್ ಇನ್ನೊಂದು. 1980ರಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಎಂಬ ವಿದ್ವಾಂಸರು ಅಲ್ಲಿನ ಎಂಟು ಹಳ್ಳಿಶಾಲೆಗಳ 4 ಮತ್ತು 5ನೇ ತರಗತಿಗಳಿಗೆ ಸುಮಾರು 250 ಸಚಿತ್ರ ಕತೆಪುಸ್ತಕಗಳನ್ನು ಒದಗಿಸಿದರು. ಕೆಲವೆಡೆ ಶಿಕ್ಷಕರು ಮಕ್ಕಳೊಂದಿಗೆ ಕೂಡಿ ಓದಿದರು. ಕೆಲವೆಡೆ ಮಕ್ಕಳು ದಿನಕ್ಕೆ ಸ್ವಲ್ಪ ಹೊತ್ತು ತಾವೇ ಮೌನವಾಗಿ ಓದಿದರು. ಎಂಟು ತಿಂಗಳಲ್ಲಿ ಓದಿ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಅವರ ಪ್ರಗತಿ ಸಾಮಾನ್ಯಕ್ಕಿಂತ ಇಮ್ಮಡಿಯಾಗಿತ್ತು. ಇಪ್ಪತ್ತು ತಿಂಗಳ ಹೊತ್ತಿಗೆ ಆ ಲಾಭ ಭಾಷೆಯ ಇತರ ಅಂಗಗಳಿಗೂ ಹರಡಿತ್ತು. ಅಲ್ಲಿ ಹೊಸದಾಗಿ ಬಂದದ್ದು ಕಟ್ಟಡವಲ್ಲ, ಕಂಪ್ಯೂಟರ್ ಅಲ್ಲ. ಮಕ್ಕಳಿಗೆ ಇಷ್ಟವಾಗುವ ಪುಸ್ತಕ.

ಎಂಥ ಪುಸ್ತಕ ಕೊಡಬೇಕು?

ದಾನವಾಗಿ ಬರುವ ಹಳೆಯ ಗೈಡುಗಳಿಂದ ಈ ಕೆಲಸ ಆಗದು. ಚಿತ್ರ ದೊಡ್ಡದಾಗಿ, ವಾಕ್ಯ ಚಿಕ್ಕದಾಗಿ, ಕತೆ ನಗು ತರಿಸುವಂತಿರಬೇಕು. ಹಲಸು, ಮಳೆ, ಬಸ್ಸು, ಅಜ್ಜಿ ಇರುವ ಕತೆಯಾದರೆ ಗೊತ್ತಿಲ್ಲದ ಪದವನ್ನೂ ಮಗು ಊಹಿಸಬಲ್ಲದು. ಚೆನ್ನೈಯ ತೂಲಿಕಾ ಪ್ರಕಾಶನವು ಒಂದೇ ಪುಟದಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡೂ ಇರುವ ಚಿತ್ರಪುಸ್ತಕಗಳನ್ನು ತಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಜಾಲತಾಣದಲ್ಲಿ ನಾಲ್ಕು ಮಟ್ಟಗಳಲ್ಲಿ ವಿಂಗಡಿಸಿದ ಕತೆಗಳಿವೆ. ಅವನ್ನು ಉಚಿತವಾಗಿ ಓದಬಹುದು, ಇಳಿಸಿಕೊಂಡು ಮುದ್ರಿಸಬಹುದು. ಒಂದೇ ಕತೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುವುದುಂಟು. ಮೊದಲು ಕನ್ನಡದಲ್ಲಿ ಓದಿ ನಕ್ಕ ಮಗು ಇಂಗ್ಲಿಷಿನಲ್ಲಿ ಹೆದರುವುದಿಲ್ಲ.

ಪುಸ್ತಕ ತಕ್ಕದ್ದೇ ಎಂದು ತಿಳಿಯಲು ಸುಲಭ ಉಪಾಯವಿದೆ. ಮಗು ಒಂದು ಪುಟ ಓದಲಿ; ಗೊತ್ತಿಲ್ಲದ ಪ್ರತಿ ಪದಕ್ಕೆ ಒಂದು ಬೆರಳು ಮಡಚಲಿ. ಐದೂ ಬೆರಳು ಮಡಚಿದರೆ ಅದಕ್ಕಿಂತ ಸುಲಭದ್ದನ್ನು ಕೊಡಿ. ಓದಿದ ಮೇಲೆ ಪರೀಕ್ಷೆ ಬೇಡ. ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಕೊಂಡಿರುವುದೂ ಬೇಡ; ಮನೆಗೆ ಹೋಗಲಿ, ಹರಿದರೆ ಅಂಟಿಸೋಣ.

ನಮ್ಮಿಂದ ಏನು ಸಾಧ್ಯ?

ಸಂತ ಕುರಿಯಾಕೋಸ್ ಎಲಿಯಾಸ್ ಚಾವರ 1846ರಲ್ಲಿ ಮಾನ್ನಾನಂನಲ್ಲಿ ಮುದ್ರಣಾಲಯ ತೆರೆದರು. 1864ರಲ್ಲಿ ಪ್ರತಿ ಚರ್ಚಿನ ಪಕ್ಕ ಶಾಲೆ ಇರಬೇಕೆಂದು ಅಪ್ಪಣೆ ಮಾಡಿದರು. ಆ ಪರಂಪರೆಯ ನಾವು ಪ್ರತಿ ಶಾಲೆಗೂ ಒಂದು ಪೆಟ್ಟಿಗೆ ಕತೆಪುಸ್ತಕ ಕೊಡಲಾರೆವೇ? ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಗುವಿನ ಹೆಸರಿನಲ್ಲಿ ಎರಡು ಪುಸ್ತಕ ಕೊಡಿ. ಗುರ್ಕಾರರು ವಾಡೆಯಲ್ಲಿ ಓದುವ ಒಂದು ಮನೆಯನ್ನು ಗೊತ್ತುಮಾಡಲಿ. ಕಾಲೇಜಿಗೆ ಹೋಗುವ ಅಕ್ಕ, ಅಣ್ಣ ವಾರಕ್ಕೊಂದು ಗಂಟೆ ಅಲ್ಲಿ ಓದಿ ಹೇಳಲಿ. ಜಾತಿ ಮತ ಕೇಳದೆ ನೆರೆಮನೆಯ ಮಕ್ಕಳನ್ನೂ ಕರೆಯಲಿ.

ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬನು ರಥದಲ್ಲಿ ಕುಳಿತು ಓದುತ್ತಿರುತ್ತಾನೆ. ಕೈಯಲ್ಲಿ ಗ್ರಂಥವಿದೆ, ಅರ್ಥವಾಗುತ್ತಿಲ್ಲ. ಫಿಲಿಪ್ಪನು ಅವನನ್ನು ಗದರಿಸಲಿಲ್ಲ. ರಥ ಹತ್ತಿ ಪಕ್ಕದಲ್ಲಿ ಕುಳಿತ. ಬರುವ ಜೂನಿನಲ್ಲಿ ಶಾಲೆ ತೆರೆಯುವ ಮೊದಲು ನಮ್ಮ ಪೆಟ್ಟಿಗೆ ಸಿದ್ಧವಾಗಲಿ, ಮಗುವಿನ ಪಕ್ಕದಲ್ಲಿ ಕೂರುವವರೂ ಸಿದ್ಧರಾಗಲಿ.