ಬೈಕಿನ ಬ್ಯಾಟರಿ ಪದೇ ಪದೇ ಇಳಿದರೆ

ಓಡುತ್ತಿರುವ ಮೋಟಾರ್ ಸೈಕಲ್ ತನಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಬ್ಯಾಟರಿಯ ಮುಖ್ಯ ಕೆಲಸ ಎಂಜಿನ್ನನ್ನು ಚಾಲೂ ಮಾಡುವುದು, ಸಿಗ್ನಲ್‌ನಲ್ಲಿ ನಿಂತಾಗ ಬೀಳುವ ಕೊರತೆ ತುಂಬುವುದು. ಖರ್ಚಾದಷ್ಟನ್ನು ಓಡುವ ಎಂಜಿನ್ ಮತ್ತೆ ಅದಕ್ಕೆ ತುಂಬಿಕೊಡಬೇಕು. ಹಾಗಾಗಿ ಹೊಸ ಬ್ಯಾಟರಿ ಹಾಕಿಸಿದ ತಿಂಗಳೊಳಗೆ ಸೆಲ್ಫ್ ಒತ್ತಿದರೆ ಮತ್ತೆ 'ಕಟ್ ಕಟ್' ಸದ್ದಷ್ಟೇ ಬರುತ್ತಿದ್ದರೆ, ಅನುಮಾನ ಹೋಗಬೇಕಾದ್ದು ಬ್ಯಾಟರಿಯ ಮೇಲಲ್ಲ, ಅದನ್ನು ತುಂಬಿಸುವ ವ್ಯವಸ್ಥೆಯ ಮೇಲೆ. ಕಾರಣ ಹುಡುಕದೆ ಇನ್ನೊಂದು ಬ್ಯಾಟರಿ ಕೊಂಡರೆ ಅದೂ ಅದೇ ದಾರಿ ಹಿಡಿಯುತ್ತದೆ.

ಈ ವ್ಯವಸ್ಥೆಯಲ್ಲಿ ಬಿಡಿಭಾಗಗಳು ಕಡಿಮೆ. ಎಂಜಿನ್ನಿನ ಪಕ್ಕದ ಮುಚ್ಚಳದೊಳಗೆ, ಒಳಮೈಗೆ ಆಯಸ್ಕಾಂತ ಕೂರಿಸಿದ ಒಂದು ಚಕ್ರ ಕ್ರ್ಯಾಂಕಿನ ಜೊತೆಯಲ್ಲೇ ತಿರುಗುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಮ್ಯಾಗ್ನೆಟ್ ಎನ್ನುತ್ತಾರೆ. ಅದರ ನಡುವೆ ತಾಮ್ರದ ತಂತಿ ಸುತ್ತಿದ ಕಾಯಿಲ್ ಪ್ಲೇಟ್ ಅಲುಗಾಡದಂತೆ ಕೂತಿರುತ್ತದೆ. ಮ್ಯಾಗ್ನೆಟ್ ತಿರುಗಿದಾಗ ಕಾಯಿಲ್‌ನಲ್ಲಿ ಎಸಿ ವಿದ್ಯುತ್ ಹುಟ್ಟುತ್ತದೆ. ಬ್ಯಾಟರಿಗೆ ಬೇಕಾದ್ದು ಡಿಸಿ. ಈ ಬದಲಾವಣೆ ಮಾಡಿ, ವೋಲ್ಟೇಜ್ ಮಿತಿ ಮೀರದಂತೆ ನೋಡಿಕೊಳ್ಳುವುದು ಆರ್‌ಆರ್ ಯೂನಿಟ್, ಎಂದರೆ ರೆಗ್ಯುಲೇಟರ್ ರೆಕ್ಟಿಫೈಯರ್. ಹೆಚ್ಚಿನ ಬೈಕುಗಳ ಯೂನಿಟ್‌ಗಳು, ಕೆರೆ ತುಂಬಿದ ಮೇಲೆ ಕೋಡಿ ಹರಿಸುವಂತೆ, ಹೆಚ್ಚುವರಿ ವಿದ್ಯುತ್ತನ್ನು ಬೇರೆ ದಾರಿಯಲ್ಲಿ ಹರಿಸಿಬಿಡುತ್ತವೆ. ಆ ಶಕ್ತಿಯೆಲ್ಲ ಕಾಯಿಲ್‌ನಲ್ಲೂ ಯೂನಿಟ್‌ನಲ್ಲೂ ಶಾಖವಾಗುತ್ತದೆ. ಆರ್‌ಆರ್ ಯೂನಿಟ್‌ಗೆ ಅಲ್ಯೂಮಿನಿಯಂ ರೆಕ್ಕೆಗಳಿರುವುದು ಈ ಶಾಖ ಹೊರಹೋಗಲೆಂದೇ. ಆ ರೆಕ್ಕೆಗಳ ಮೇಲೆ ಕೆಸರು ಮೆತ್ತಿಕೊಂಡರೆ, ಗಾಳಿಯಾಡದಂತೆ ಏನನ್ನಾದರೂ ತುರುಕಿದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ.

ಮೈಸೂರಿನ ಕಾರ್ಖಾನೆಯಿಂದ ಬಂದ ಹಳೆಯ ಜಾವಾ, ಯೆಜ್ಡಿಗಳ ಕಥೆ ಬೇರೆ. ಅವುಗಳಲ್ಲಿದ್ದದ್ದು ಕಾರ್ಬನ್ ಬ್ರಷ್‌ಗಳ ಡೈನಮೊ ಮತ್ತು 6 ವೋಲ್ಟಿನ ಬ್ಯಾಟರಿ. ಮುಂದಿನ ಅಳತೆಗಳು ಅವಕ್ಕೆ ಅನ್ವಯಿಸುವುದಿಲ್ಲ.

ತಪಾಸಣೆಗೆ ಬೇಕಾದ ಸಾಧನ ಒಂದೇ: ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್. ಮೊದಲ ಅಳತೆ ಬ್ಯಾಟರಿಯದೇ. ಬೈಕು ಕೆಲವು ಗಂಟೆ ನಿಂತಿದ್ದ ಮೇಲೆ ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಮುಟ್ಟಿಸಬೇಕು. 12.6ರಿಂದ 12.8 ತೋರಿಸಿದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿಯಾಗುತ್ತಾ ಬಂದಿದೆ. ಎಷ್ಟು ಚಾರ್ಜ್ ಮಾಡಿದರೂ ಅಳತೆ 10.5ರ ಆಸುಪಾಸಿನಲ್ಲೇ ನಿಂತರೆ ಅದಕ್ಕೊಂದು ನಿರ್ದಿಷ್ಟ ಅರ್ಥವಿದೆ. ಬ್ಯಾಟರಿಯೊಳಗೆ ತಲಾ 2.1 ವೋಲ್ಟಿನ ಆರು ಸೆಲ್‌ಗಳಿರುತ್ತವೆ. ಒಂದು ಸತ್ತರೆ ಉಳಿಯುವುದು ಐದರ ವೋಲ್ಟೇಜ್, ಅಂದರೆ 10.5. ಅಂಥ ಬ್ಯಾಟರಿಯನ್ನು ಬದಲಿಸುವುದೇ ದಾರಿ.

ನಿಂತಾಗ 12.6 ತೋರಿಸಿದ ಮಾತ್ರಕ್ಕೆ ಬ್ಯಾಟರಿ ಗಟ್ಟಿಯಾಗಿದೆ ಎನ್ನುವಂತಿಲ್ಲ. ಮೀಟರ್ ಹಿಡಿದುಕೊಂಡೇ ಸೆಲ್ಫ್ ಒತ್ತಿ ನೋಡಬೇಕು. ಅಳತೆ ಒಮ್ಮೆ ಕುಸಿಯುವುದು ಸಹಜ, ಆದರೆ 9.6ಕ್ಕಿಂತ ಕೆಳಗೆ ಇಳಿಯಬಾರದು. ಬ್ಯಾಟರಿ ಬರೀ ಖಾಲಿಯಾಗಿದ್ದರೆ ಮೊದಲು ಹೊರಗಿನ ಚಾರ್ಜರ್‌ನಲ್ಲಿ, ಅದರ ಆಂಪಿಯರ್-ಅವರ್ ಸಾಮರ್ಥ್ಯದ ಹತ್ತನೇ ಒಂದರಷ್ಟು ಕರೆಂಟಿನಲ್ಲಿ ನಿಧಾನವಾಗಿ ತುಂಬಿಸಬೇಕು. ಇಳಿದ ಬ್ಯಾಟರಿ ಇಟ್ಟುಕೊಂಡು ಮುಂದಿನ ಪರೀಕ್ಷೆಗಳನ್ನು ಮಾಡಿದರೆ ಸಿಗುವ ಅಂಕಿಗಳು ದಾರಿ ತಪ್ಪಿಸುತ್ತವೆ.

ಎರಡನೆಯದು ಎಂಜಿನ್ ಓಡುವಾಗಿನ ಅಳತೆ, ಇದೇ ಇಡೀ ತಪಾಸಣೆಯ ತಿರುಳು. ಮೀಟರ್ ಬ್ಯಾಟರಿಯ ಮೇಲೇ ಇರಲಿ. ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ತಿರುಗಿಸುತ್ತಾ 4,000–5,000 ಆರ್‌ಪಿಎಂಗೆ ಒಯ್ದಾಗ ಅಳತೆ 13.5ರಿಂದ 14.8ರ ನಡುವೆ ನಿಲ್ಲಬೇಕು. ಹೈಬೀಮ್ ಹಾಕಿ ಬ್ರೇಕ್ ಹಿಡಿದಾಗಲೂ 13ರ ಮೇಲಿದ್ದರೆ ವ್ಯವಸ್ಥೆ ಆರೋಗ್ಯವಾಗಿದೆ. ಅಳತೆ 12.6ರಿಂದ ಮೇಲೇರದೆ ಮೆಲ್ಲಗೆ ಇಳಿಯುತ್ತಾ ಹೋದರೆ ಚಾರ್ಜಿಂಗ್ ಆಗುತ್ತಿಲ್ಲ. 15 ದಾಟಿದರೆ ಆರ್‌ಆರ್ ಯೂನಿಟ್‌ನ ಹಿಡಿತ ತಪ್ಪಿದೆ ಎಂದೇ ಸಾಮಾನ್ಯವಾಗಿ ತಿಳಿಯಬೇಕು. ಬಲ್ಬುಗಳು ಮೇಲಿಂದ ಮೇಲೆ ಸುಟ್ಟುಹೋಗುವುದು, ಬ್ಯಾಟರಿಯ ಹೊಟ್ಟೆ ಉಬ್ಬುವುದು, ನೀರು ಹಾಕುವ ಮಾದರಿಯಾದರೆ ನೀರು ಬೇಗ ಆರುವುದು ಇದರ ಗುರುತುಗಳು. ಅಂಥ ಬೈಕನ್ನು ಓಡಿಸದಿರುವುದೇ ಒಳ್ಳೆಯದು.

ಚಾರ್ಜಿಂಗ್ ಆಗುತ್ತಿಲ್ಲವೆಂದು ಗೊತ್ತಾದ ಕೂಡಲೇ ಮ್ಯಾಗ್ನೆಟ್ ಕವರ್ ಬಿಚ್ಚಲು ಹೊರಡಬಾರದು. ಮೊದಲು ಫ್ಯೂಸ್, ಬಳಿಕ ಜೋಡಣೆಗಳು. ಬ್ಯಾಟರಿ ಟರ್ಮಿನಲ್ಲಿನ ಬೋಲ್ಟ್ ಸಡಿಲವಾಗಿರುವುದು, ಅದರ ಸುತ್ತ ಬಿಳಿ ಪುಡಿ ಕಟ್ಟಿರುವುದು, ಚಾಸಿಸ್‌ಗೆ ಕೂರಿಸಿದ ಅರ್ಥ್ ವೈರಿನ ಕೆಳಗೆ ತುಕ್ಕು ಹಿಡಿದಿರುವುದು ದುಬಾರಿ ಬಿಡಿಭಾಗ ಕೆಟ್ಟಂತೆಯೇ ಕಾಣುವ ಸಣ್ಣ ದೋಷಗಳು. ಕಾರವಾರ, ಉಡುಪಿಯಂಥ ಕರಾವಳಿ ಊರುಗಳ ಉಪ್ಪುಗಾಳಿಯಲ್ಲಿ ಕಪ್ಲರ್‌ಗಳ ಒಳಗಿನ ಪಿನ್ನುಗಳಿಗೆ ಹಸಿರು ಕಿಲುಬು ಬೇಗ ಹತ್ತುತ್ತದೆ. ಒತ್ತಡದ ನೀರು ಹಾಯಿಸಿ ತೊಳೆಯುವ ವಾಟರ್ ಸರ್ವಿಸ್ ಕೂಡ ಇದೇ ಕೆಲಸ ಮಾಡುತ್ತದೆ. ಕಾಯಿಲ್‌ನಿಂದ ಆರ್‌ಆರ್ ಯೂನಿಟ್‌ಗೆ ಹೋಗುವ ಕಪ್ಲರನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಬೇಕು. ಬಿಳಿಯ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಕರೆಂಟು ಅಲ್ಲಿ ಶಾಖವಾಗಿ ಪೋಲಾಗುತ್ತಿದೆ.

ಕಣ್ಣಿಗೆ ಕಾಣದ ದೋಷವನ್ನೂ ಮೀಟರ್ ಹಿಡಿದುಕೊಡುತ್ತದೆ. ಎಂಜಿನ್ ಓಡುತ್ತಿರುವಾಗ ಒಂದು ಕಡ್ಡಿಯನ್ನು ಆರ್‌ಆರ್ ಯೂನಿಟ್‌ನ ಪ್ಲಸ್ ವೈರಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೂ ಮುಟ್ಟಿಸಿದರೆ, ನಡುವಿನ ವೈರು ಎಷ್ಟು ವೋಲ್ಟೇಜ್ ನುಂಗುತ್ತಿದೆ ಎಂಬುದು ಬರುತ್ತದೆ. 0.2–0.3 ವೋಲ್ಟ್‌ವರೆಗೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಆ ದಾರಿಯಲ್ಲೇ ಕೆಟ್ಟ ಜೋಡಣೆಯಿದೆ. ಮೈನಸ್ ಬದಿಯಲ್ಲೂ ಹೀಗೆಯೇ ಅಳೆಯಬೇಕು.

ಜೋಡಣೆಗಳು ಸರಿಯಿದ್ದರೆ ಮುಂದಿನ ಸರದಿ ಕಾಯಿಲ್‌ನದು. ದೊಡ್ಡ ಬೈಕುಗಳಲ್ಲಿ ಕಾಯಿಲ್‌ನಿಂದ ಒಂದೇ ಬಣ್ಣದ, ಹೆಚ್ಚಾಗಿ ಹಳದಿಯ, ಮೂರು ವೈರುಗಳು ಬರುತ್ತವೆ. ಎಂಜಿನ್ ನಿಲ್ಲಿಸಿ, ಕಪ್ಲರ್ ಬಿಚ್ಚಿ, ಎರಡೆರಡು ವೈರುಗಳ ನಡುವಿನ ರೋಧವನ್ನು ಅಳೆದಾಗ ಮೂರೂ ಜೋಡಿಗಳಲ್ಲಿ ಒಂದೇ ಅಂಕಿ, ಸಾಮಾನ್ಯವಾಗಿ 1 ಓಮ್‌ಗಿಂತ ಕಡಿಮೆ, ಬರಬೇಕು. ಅಗ್ಗದ ಮೀಟರುಗಳ ಕಡ್ಡಿಗಳೇ ಒಂದಿಷ್ಟು ರೋಧ ತೋರಿಸುವುದರಿಂದ, ಎರಡೂ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಬಂದ ಅಂಕಿಯನ್ನು ಕಳೆದುಕೊಳ್ಳಬೇಕು. ಯಾವ ವೈರಿಗೂ ಎಂಜಿನ್ ಲೋಹಕ್ಕೂ ಸಂಪರ್ಕ ಇರಬಾರದು. ಇದ್ದರೆ ಕಾಯಿಲ್ ಸುಟ್ಟಿದೆ. ಆದರೆ ಕೆಲವು ಸಣ್ಣ ಬೈಕುಗಳಲ್ಲಿ ಕಾಯಿಲ್‌ನ ಒಂದು ತುದಿಯನ್ನು ಬೇಕೆಂದೇ ಅರ್ಥ್ ಮಾಡಿರುತ್ತಾರೆ. ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ನೋಡದೆ ತೀರ್ಪು ಕೊಡಬಾರದು.

ರೋಧ ಸರಿಯಿದ್ದ ಕಾಯಿಲ್ ಕೂಡ ಓಡುವಾಗ ಕೈಕೊಡಬಹುದು. ಕಪ್ಲರ್ ಬಿಚ್ಚಿದ ಸ್ಥಿತಿಯಲ್ಲೇ ಎಂಜಿನ್ ಓಡಿಸಿ, ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಮೂರೂ ಜೋಡಿಗಳನ್ನು ಅಳೆಯಬೇಕು. 5,000 ಆರ್‌ಪಿಎಂನಲ್ಲಿ ಹಲವು ಬೈಕುಗಳು 50 ವೋಲ್ಟ್ ದಾಟುತ್ತವೆ, ಹಾಗಾಗಿ ಬರಿಯ ಪಿನ್ನುಗಳಿಗೆ ಬೆರಳು ತಾಗಬಾರದು. ಇಲ್ಲಿ ಅಂಕಿಗಿಂತ ಸಮಾನತೆ ಮುಖ್ಯ. ಒಂದು ಸುರುಳಿ ಕೆಟ್ಟಿದ್ದರೆ ಅದು ಸೇರಿದ ಎರಡು ಜೋಡಿಗಳ ಅಳತೆ ತಗ್ಗಿರುತ್ತದೆ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಸೋಲುವ ಕಾಯಿಲ್‌ಗಳೂ ಉಂಟು; ಅಂಥ ಅನುಮಾನವಿದ್ದರೆ ಅರ್ಧ ಗಂಟೆ ಓಡಿಸಿಯೇ ಅಳೆಯಬೇಕು.

ಕಾಯಿಲ್ ಸರಿ, ವೈರಿಂಗ್ ಸರಿ, ಬ್ಯಾಟರಿಯೂ ಸರಿ, ಆದರೂ ಚಾರ್ಜಿಂಗ್ ಇಲ್ಲವೆಂದರೆ ಉಳಿದದ್ದು ಆರ್‌ಆರ್ ಯೂನಿಟ್. ಅದರೊಳಗಿನ ಡಯೋಡುಗಳನ್ನು ಮೀಟರಿನಲ್ಲಿ ಪರೀಕ್ಷಿಸಬಹುದು, ನಿಯಂತ್ರಣದ ಸರ್ಕ್ಯೂಟನ್ನು ಪರೀಕ್ಷಿಸಲಾಗದು. ಆದ್ದರಿಂದ ಉಳಿದೆಲ್ಲವನ್ನೂ ಅಳೆದ ಮೇಲೆಯೇ ಅದನ್ನು ಬದಲಿಸುವುದು ಸರಿಯಾದ ಕ್ರಮ. ಸುಟ್ಟ ಕಾಯಿಲನ್ನು ರೀವೈಂಡ್ ಮಾಡಿಸುವಾಗಲೂ ಯೂನಿಟ್‌ನ ಮೇಲೆ ಒಂದು ಕಣ್ಣಿರಬೇಕು. ಒಳಗೇ ಶಾರ್ಟ್ ಆದ ಯೂನಿಟ್ ಹೊಸ ಕಾಯಿಲನ್ನೂ ಸುಡುತ್ತದೆ.

ಚಾರ್ಜಿಂಗ್ ಸರಿಯಿದ್ದೂ ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆ ಎಂದಾದರೆ ಎಲ್ಲೋ ಕರೆಂಟು ಸೋರುತ್ತಿದೆ. ಕೀ ಆಫ್ ಮಾಡಿ, ಮೈನಸ್ ವೈರ್ ಬಿಚ್ಚಿ, ವೈರಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಆಂಪಿಯರ್ ಅಳತೆಯಲ್ಲಿ ಜೋಡಿಸಬೇಕು. ಆಗ ಕೀ ತಿರುಗಿಸಿದರೆ, ಸೆಲ್ಫ್ ಒತ್ತಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಕೆಲವೇ ಮಿಲಿಆಂಪಿಯರ್ ಹರಿಯುವುದು ಸಹಜ. 50 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 1.2 ಆಂಪಿಯರ್-ಅವರ್ ಹೋಗಿ, 5 ಆಂಪಿಯರ್-ಅವರ್ ಬ್ಯಾಟರಿ ನಾಲ್ಕೇ ದಿನದಲ್ಲಿ ಬರಿದಾಗುತ್ತದೆ. ಆಮೇಲೆ ಹಾಕಿಸಿದ ಅಲಾರಂ, ಜಿಪಿಎಸ್, ಮೊಬೈಲ್ ಚಾರ್ಜರ್‌ಗಳನ್ನು ಒಂದೊಂದಾಗಿ ಕಳಚಿದರೆ ಸೋರುವ ಜಾಗ ಸಿಗುತ್ತದೆ. ತಲಾ 20 ವ್ಯಾಟಿನ ಎರಡು ಹೆಚ್ಚುವರಿ ಫಾಗ್ ಲೈಟುಗಳದ್ದು ಸೋರಿಕೆಯಲ್ಲ, ಆದರೆ ಅವು 3 ಆಂಪಿಯರ್‌ಗೂ ಹೆಚ್ಚು ಎಳೆಯುತ್ತವೆ. ನಗರದ ಟ್ರಾಫಿಕ್‌ನಲ್ಲಿ ಐಡ್ಲಿಂಗ್‌ನಲ್ಲೇ ಕಾಲ ಕಳೆಯುವ ಸಣ್ಣ ಬೈಕಿನ ಕಾಯಿಲ್ ಅಷ್ಟನ್ನು ಒದಗಿಸಲಾರದು.

ಚಾರ್ಜಿಂಗ್ ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರ್ ಕಳಚುವ ಪದ್ಧತಿ ಕೆಲವು ಗ್ಯಾರೇಜುಗಳಲ್ಲಿ ಇನ್ನೂ ಇದೆ. ಬ್ಯಾಟರಿಯ ಹಂಗಿಲ್ಲದೆ ಓಡುತ್ತಿದ್ದ ಹಳೆಯ ಕಾರ್ಬ್ಯುರೇಟರ್ ಬೈಕುಗಳ ಕಾಲದಿಂದ ಬಂದ ಅಭ್ಯಾಸವಿದು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ನಿಯಮದ ನಂತರ ಬಂದ ಬೈಕುಗಳು ಬಹುಮಟ್ಟಿಗೆ ಫ್ಯುಯೆಲ್ ಇಂಜೆಕ್ಷನ್‌ನವು. ಬ್ಯಾಟರಿ ಕಳಚಿದ ಕ್ಷಣ ಏರುವ ವೋಲ್ಟೇಜ್ ಅವುಗಳ ಇಸಿಯು, ಮೀಟರ್ ಬೋರ್ಡ್‌ಗಳನ್ನು ಹಾಳುಮಾಡಬಲ್ಲದು. ಯಾರಾದರೂ ಹಾಗೆ ವೈರ್ ಕಳಚಲು ಸ್ಪ್ಯಾನರ್ ಎತ್ತಿಕೊಂಡರೆ ಬೈಕಿನ ಮಾಲೀಕರು ಅಲ್ಲೇ ತಡೆಯಲಿ, ಮಲ್ಟಿಮೀಟರ್‌ನಲ್ಲಿ ಅಳೆದು ತೋರಿಸಲು ಹೇಳಲಿ.